ಅಮ್ಮನ ಬುಟ್ಟಿಯ ಆರು ಡಬ್ಬಿ

ಸತ್ತವರು ಡಬ್ಬಿ ತಿರುವಿ ತಾರೀಖು ನೋಡುವುದಿಲ್ಲ ಎಂಬ ಮಾತು ನಿನ್ನೆ ಸಂಜೆ ಅಂಗಡಿಯಲ್ಲಿ ಬಹಳ ಸರಿಯಾಗಿಯೇ ಕಂಡಿತ್ತು. ಈಗ ವಿಹಾರದ ಚಾವಡಿಯಲ್ಲಿ ಕಾಲು ಒಂದು ಬದಿಗೆ ಮಡಚಿ, ಕೈ ಮುಗಿದು ಚಾಪೆಯ ಮೇಲೆ ಕೂತ ಇನ್‌ಪೆಂಗನಿಗೆ ಅದೇ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಎದುರಿಗೆ ಹಳದಿ ಕಾಗದ ಸುತ್ತಿದ ನಲವತ್ತೆರಡು ಬುಟ್ಟಿಗಳು ಮೂರು ಸಾಲಾಗಿ ಕೂತಿದ್ದವು. ನಲವತ್ತೊಂದನ್ನು ಅವನೇ ಕಟ್ಟಿ ಊರಿಗೆ ಮಾರಿದ್ದ. ನಲವತ್ತೆರಡನೆಯದು ಸತ್ತು ಒಂಬತ್ತು ವರ್ಷವಾದ ಅವನ ಅಮ್ಮ ಬುವಾಖಾಮಳ ಹೆಸರಿನದು. ಎಲ್ಲದರಲ್ಲೂ ಅದೇ ಸರಕು: ಬಿಸಿನೀರು ಹಾಕಿದರೆ ಆಗುವ ನೂಡಲ್ಸ್, ಆರು ತಿಂಗಳು ಕೆಡದ ಹಾಲಿನ ಪೊಟ್ಟಣ, ಸೋಪು, ಮೇಣದಬತ್ತಿ, ಟೊಮೆಟೊ ರಸದಲ್ಲಿ ಮುಳುಗಿದ ಮೀನಿನ ಆರು ಡಬ್ಬಿ. ಹತ್ತನೆಯ ತಿಂಗಳ ಹುಣ್ಣಿಮೆಗೆ ಹೀಗೆ ಕೊಟ್ಟ ಬುಟ್ಟಿ ಚೀಟಿ ಎತ್ತಿದಾಗ ಯಾವ ಭಿಕ್ಷುವಿನ ಪಾಲಿಗೆ ಬರುತ್ತದೋ, ಅವರ ಬಾಯಿಗೆ ಹೋದದ್ದು ಸತ್ತವರ ಬಾಯಿಗೆ ಹೋದ ಹಾಗೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಅಂದರೆ ಇವತ್ತು ಹೊತ್ತು ನೆತ್ತಿಗೆ ಬರುವ ಮೊದಲು ಅಮ್ಮ ಆ ಆರು ಡಬ್ಬಿಯಲ್ಲಿ ಒಂದನ್ನಾದರೂ ಉಣ್ಣುತ್ತಾಳೆ. ಆ ಡಬ್ಬಿಗಳ ಮೀನು ಸತ್ತು ಮೂರು ವರ್ಷವಾಗಿತ್ತು, ಅದು ದೊಡ್ಡ ವಿಷಯವಲ್ಲ. ಡಬ್ಬಿಯೇ ಸತ್ತು ಹನ್ನೊಂದು ದಿನವಾಗಿತ್ತು.

ತಾರೀಖು ಮುಗಿದದ್ದಕ್ಕೆ ಅವನ ವ್ಯಾಪಾರದಲ್ಲಿ ಸತ್ತ ಡಬ್ಬಿ ಎಂದೇ ಹೆಸರು. ಸತ್ತ ಡಬ್ಬಿಯನ್ನು ಇನ್‌ಪೆಂಗ್ ಇಪ್ಪತ್ತಾರು ವರ್ಷದಲ್ಲಿ ಒಬ್ಬರಿಗೂ ಮಾರಿದವನಲ್ಲ. ಈ ಆರಂತೂ ಸಾಯಬೇಕಾದವೇ ಆಗಿರಲಿಲ್ಲ. ಸಮುದ್ರವಿಲ್ಲದ ದೇಶಕ್ಕೆ ಸಮುದ್ರದ ಮೀನು ಡಬ್ಬಿಯಲ್ಲಿ ಮಲಗಿಕೊಂಡೇ ಬರಬೇಕು, ಅದೂ ಹೊಳೆಯಾಚೆಯವರು ಮನಸ್ಸು ಮಾಡಿದಾಗ. ಅವರಿಗೆ ನಮ್ಮ ದಡವೆಂದರೆ ವಯಸ್ಸು ಮೀರಿದ ಮಗಳನ್ನು ದಾಟಿಸುವ ಮನೆ. ಆರು ತಿಂಗಳು ಆಯುಸ್ಸು ಉಳಿದ ಸರಕನ್ನು ನಗುನಗುತ್ತಾ ಅರ್ಧ ಬೆಲೆಗೆ ಲಾರಿ ಹತ್ತಿಸುತ್ತಾರೆ. ಆ ಸರಕು ಸೇತುವೆಯ ಈ ತುದಿಯಲ್ಲಿ ನಲವತ್ತಮೂರು ದಿನ ನಿಂತಿತು. ಆಚೆಯವರು ವರ್ಷ ಎಣಿಸುವುದು ಬುದ್ಧನಿಂದ, ಈಚೆಯ ಸರ್ಕಾರಿ ಕಾಗದ ಎಣಿಸುವುದು ಇಂಗ್ಲಿಷ್ ಲೆಕ್ಕದಿಂದ. ಡಬ್ಬಿಯ ತಳದಲ್ಲಿ ಅರವತ್ತೇಳು, ಕಾಗದದಲ್ಲಿ ಇಪ್ಪತ್ತನಾಲ್ಕು. ಹೊಸದಾಗಿ ಬಂದ ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟು ಆಗದೆಂದು ತಲೆಯಾಡಿಸಿದ್ದ. "ಎರಡೂ ಒಂದೇ ವರ್ಷ ಅಲ್ವಾ ಸಾರ್? ನಿಮಗೂ ಗೊತ್ತು," ಎಂದು ಇನ್‌ಪೆಂಗ್ ಅಂಗಲಾಚಿದರೆ, "ನನಗೂ ಗೊತ್ತು, ನಿನಗೂ ಗೊತ್ತು. ಕಾಗದಕ್ಕೆ ಗೊತ್ತಿಲ್ವಲ್ಲಪ್ಪ," ಎಂದಿದ್ದ. ಕಾಗದಕ್ಕೆ ಗೊತ್ತಾಗುವ ಹೊತ್ತಿಗೆ ಊರಿನಲ್ಲಿ ಪೆಟ್ರೋಲು ಮುಗಿದಿತ್ತು, ನಮ್ಮ ನಾಣ್ಯ ಕಿಪ್ಪಿನ ಬೆಲೆ ವಾರಕ್ಕೊಮ್ಮೆ ಕುಸಿದು ಅಂಗಡಿಯ ದರದ ಚೀಟಿಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುವ ಹಾಗಾಗಿತ್ತು, ಜನ ಡಬ್ಬಿಯ ಮೀನು ಬಿಟ್ಟು ಹೊಳೆಗೆ ಬಲೆ ಹಾಕತೊಡಗಿದ್ದರು. ಕೊನೆಗೆ ಒಂದೂವರೆ ಪೆಟ್ಟಿಗೆ ಕಣ್ಣೆದುರೇ ಸತ್ತಿತು. ಊರಾಚೆ ಕೊಳದಲ್ಲಿ ಮೀನು ಸಾಕುವವನಿಗೆ ಅದನ್ನು ಕೊಡುವುದೆಂದು ತೆಗೆದಿಟ್ಟಿದ್ದ. ನಿನ್ನೆ ಸಂಜೆ ನಲವತ್ತೊಂದು ಬುಟ್ಟಿ ಕಟ್ಟಿ ಸೊಂಟ ನೆಟ್ಟಗೆ ಮಾಡಿದಾಗ ಒಳ್ಳೆಯ ಡಬ್ಬಿಗಳ ಒಂದೇ ಒಂದು ಪೆಟ್ಟಿಗೆ ಉಳಿದಿತ್ತು, ಅದನ್ನು ಒಡೆಯಲು ಕೈ ಬರಲಿಲ್ಲ. ಕೈ ಪಕ್ಕಕ್ಕೆ ಸರಿಯಿತು, ಆರು ಎತ್ತಿಕೊಂಡಿತು. ಆಮೇಲೆ ಮನಸ್ಸು ಹಿಂದಿನಿಂದ ಓಡಿ ಬಂದು ಆ ಮಾತನ್ನು ಹೊಂದಿಸಿಕೊಟ್ಟಿತು: ಸತ್ತವರು ಡಬ್ಬಿ ತಿರುವಿ ನೋಡುವುದಿಲ್ಲ.

"ಅತ್ತೆ ಬುಟ್ಟಿಗೆ ಒಳ್ಳೇದು ಹಾಕಿದ್ರಿ ತಾನೇ?" ಎಂದು ಹೆಂಡತಿ ದಾಲೂನಿ ಕೇಳಿದ್ದಳು.

"ಹಾಕ್ದೆ ಇರ್ತೀನಾ? ಏನು ಮಾತು ಅಂತ ಆಡ್ತೀಯೆ!" ಎಂದು ರೇಗಿದ್ದ. ಸುಳ್ಳು ಹೇಳುವಾಗ ರೇಗುವುದು ಅವನ ಅಭ್ಯಾಸ. ಇದು ದಾಲೂನಿಗೆ ಗೊತ್ತಿರುವುದು ಅವನಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಶರ್ಟಿನ ಗುಂಡಿ ಹಾಕುವಾಗ ಅಂಗಡಿಯಲ್ಲಿ ಪಾದೇಕ್ ವಾಸನೆ ಬಂದಿತ್ತು. ಉಪ್ಪು, ಭತ್ತದ ತೌಡು, ಹೊಳೆ ಮೀನು ಮೂರನ್ನೂ ಜಾಡಿಗೆ ತುಂಬಿ ಎರಡು ವರ್ಷ ಮರೆತುಬಿಟ್ಟರೆ ಬರುವ ವಾಸನೆ. ಒಂಬತ್ತು ವರ್ಷದಿಂದ ಆ ಮನೆಯೊಳಗೆ ಪಾದೇಕ್ ಕಾಲಿಟ್ಟಿಲ್ಲ. ಕಪಾಟಿನ ಹಿಂದೆ ನೋಡಿದ, ಚರಂಡಿ ನೋಡಿದ, ತನ್ನ ಕಂಕುಳನ್ನೇ ಮೂಸಿ ನೋಡಿದ. ಈಗ ಚಾವಡಿಯಲ್ಲೂ ಬೆನ್ನ ಹಿಂದಿನಿಂದ ಅದೇ ವಾಸನೆ ತೆಳ್ಳಗೆ ಬರುತ್ತಿತ್ತು, ತಿರುಗಿ ನೋಡುವ ಧೈರ್ಯವಿರಲಿಲ್ಲ. ಅಮ್ಮ ಸಂತೆಯಲ್ಲಿ ಪಾದೇಕ್ ಮಾರಿಯೇ ಅವನನ್ನು ಸಾಕಿದ್ದಳು. ಬೆರಳಿನಲ್ಲಿ ಒಂದಿಷ್ಟು ತೆಗೆದು ಮೂಸಿ, "ಇನ್ನೂ ಎಳಸು. ಮುಂದಿನ ಮಳೆಗಾಲಕ್ಕೆ ಬಾ," ಎಂದು ಬಂದ ಗಿರಾಕಿಯನ್ನೇ ವಾಪಸು ಕಳಿಸುವ ಹೆಂಗಸು. ಅವಳ ಸರಕಿಗೆ ಮುಗಿಯುವ ತಾರೀಖಿರಲಿಲ್ಲ, ಶುರುವಾಗುವ ತಾರೀಖು ಮಾತ್ರ ಇತ್ತು. ಆ ವಾಸನೆ ಅವನ ಅಂಗಿಯಲ್ಲಿ, ಪುಸ್ತಕದಲ್ಲಿ, ತಲೆಗೂದಲಲ್ಲಿ ಕೂತಿತ್ತು. ಶಾಲೆಯಲ್ಲಿ ಸೀಸುಕ್ ಮೇಷ್ಟ್ರು ಅವನನ್ನು ಕಿಟಕಿ ಪಕ್ಕ ಕೂರಿಸಿದಾಗ ಗಾಳಿ ಬರಲೆಂದು ಕೂರಿಸಿದ್ದಾರೆ ಎಂದು ವಾರವೆಲ್ಲ ಬೀಗಿದ್ದ. ಗಾಳಿ ಹೋಗಲೆಂದು ಕೂರಿಸಿದ್ದು ಎಂದು ಹಿಂದಿನ ಬೆಂಚಿನವನು ಹೇಳಿದ ಮೇಲೆ ಗೊತ್ತಾಯಿತು. ವಾಸನೆಯೇ ಇಲ್ಲದ ಮೀನು ಮಾರಬೇಕೆಂದು ಅವನು ನಿಶ್ಚಯಿಸಿದ್ದು ಆ ಕಿಟಕಿಯಲ್ಲಿಯೇ ಇರಬೇಕು. ಮೊದಲ ಲಾರಿ ಬಂದ ದಿನ ಒಂದು ಡಬ್ಬಿ ತಂದು ಅಮ್ಮನ ಕೈಗಿಟ್ಟಿದ್ದ. ಅವಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಸತ್ತ ಮೀನಿಗೆ ಹೆಣದ ಪೆಟ್ಟಿಗೆ ಮಾಡ್ಸಿದಾರೆ, ಸುಡೋದು ಬಿಟ್ಟು ಮಾರ್ತಾರಲ್ಲೋ!" ಎಂದು ನಕ್ಕಿದ್ದಳು. ಹೊಟ್ಟೆ ಉರಿದಿತ್ತು ಅವನಿಗೆ. ಅವಳು ಸತ್ತ ಮೇಲೆ ಹಾಸಿಗೆ ಎತ್ತಿದರೆ ತಲೆದೆಸೆಯಲ್ಲಿ ಅದೇ ಡಬ್ಬಿ, ತುಕ್ಕು ಹಿಡಿದು ಊದಿಕೊಂಡು, ಸುತ್ತ ಹರಕೆಯ ಬಿಳಿ ದಾರ ಕಟ್ಟಿಸಿಕೊಂಡು ಕೂತಿತ್ತು. ಅವನು ಅದನ್ನು ಎತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ತಳ ತಿರುವಿ ತಾರೀಖು ನೋಡಿದ್ದು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಂತ್ರ ಮುಗಿಯಲು ಇನ್ನೂ ಹೊತ್ತಿತ್ತು. ಬುಟ್ಟಿಗಳು ಕೈಗೆಟಕುವಷ್ಟು ಹತ್ತಿರದಲ್ಲಿದ್ದವು, ಎಲ್ಲ ಒಂದೇ ಹಳದಿ, ಒಂದೇ ಗಾತ್ರ, ಮೇಲೆ ಗುಂಡುಪಿನ್ನಿನಲ್ಲಿ ಚುಚ್ಚಿದ ಹೆಸರಿನ ಚೀಟಿ ಮಾತ್ರ ಬೇರೆ. ಎರಡು ಚೀಟಿ ಅದಲು ಬದಲು ಮಾಡಿದರೆ ಮುಗಿಯಿತಲ್ಲ! ಅಮ್ಮನಿಗೆ ಒಳ್ಳೆಯದು ಹೋಗುತ್ತದೆ, ಸತ್ತದ್ದು ಇನ್ಯಾರಿಗೋ ಹೋಗುತ್ತದೆ. ಯಾರಿಗೆ? ಇನ್‌ಪೆಂಗ್ ಊರಿನ ಸತ್ತವರನ್ನೆಲ್ಲ ಅವರವರ ಜೀರ್ಣಶಕ್ತಿಯ ಪ್ರಕಾರ ವಿಚಾರಿಸತೊಡಗಿದ. ಹಳೆಯ ಪೋಸ್ಟ್‌ಮ್ಯಾನ್ ಬೇಡ, ಪಾಪ, ಬದುಕಿದ್ದಾಗಲೇ ಗಂಜಿ ಕುಡಿದರೂ ಹೊಟ್ಟೆ ಕೆಡುತ್ತಿತ್ತು. ದರ್ಜಿಯ ಮಗಳು ಬೇಡವೇ ಬೇಡ, ಏಳು ವರ್ಷದ ಕೂಸು. ಸೀಸುಕ್ ಮೇಷ್ಟ್ರ ಹೆಂಡತಿ? ಆಕೆ ತಿರುವಿ ನೋಡುವ ಪೈಕಿ, ಸತ್ತರೂ ಬಿಡುವವಳಲ್ಲ. ಎರಡನೆಯ ಸಾಲಿನಲ್ಲಿ ನೂಡಲ್ಸ್ ಅಂಗಡಿಯ ಫೊನ್ಸೀಯ ಗಂಡನ ಚೀಟಿ ಕಂಡಿತು. ಕಳ್ಳಭಟ್ಟಿಗೆ ನಂಜಿಕೊಳ್ಳಲು ಹಲ್ಲಿ ಹುರಿದು ಕೊಟ್ಟರೂ ಚಪ್ಪರಿಸಿದ್ದ ಮಹಾನುಭಾವ, ಹನ್ನೊಂದು ದಿನ ಅವನಿಗೆ ಯಾವ ಲೆಕ್ಕ? ಇನ್‌ಪೆಂಗ್ ನಮಸ್ಕಾರ ಮಾಡುವವನ ಹಾಗೆ ಮುಂದಕ್ಕೆ ಬಾಗಿ ಒಂದು ಕೈ ಚಾಚಿದ. ಬೆರಳು ಗುಂಡುಪಿನ್ನಿಗೆ ತಾಗಿದ್ದೂ ಆಯಿತು.

"ಏನಣ್ಣಾ?" ಫೊನ್ಸೀ ಪಕ್ಕದಿಂದ ಪಿಸುಗುಟ್ಟಿದಳು.

"ಏನಿಲ್ಲಮ್ಮ, ಕಾಗದ ಸಡಿಲ ಆಗಿತ್ತು. ಸರಿ ಮಾಡ್ತಿದ್ದೆ."

"ನೀವಾಗಿದ್ದಕ್ಕೆ ನೋಡ್ತೀರ," ಎಂದು ಅವಳು ಕಣ್ಣು ಒದ್ದೆ ಮಾಡಿಕೊಂಡಳು. "ಅವರು ಇದ್ದಾಗ ಯಾರೂ ಅವರನ್ನ ಹೀಗೆ ವಿಚಾರಿಸಲಿಲ್ಲ."

ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಗುಂಡುಪಿನ್ನು ಬೆರಳಿಗೆ ಚುಚ್ಚಿ ರಕ್ತದ ಬೊಟ್ಟು ಬಂದಿತ್ತು. ಇಷ್ಟೇ ಶಿಕ್ಷೆಗೆ ಮುಗಿಯಬಾರದೇ ಎಂದು ಬೆರಳನ್ನು ಬಾಯಲ್ಲಿಟ್ಟುಕೊಂಡ. ಅಷ್ಟರಲ್ಲಿ ಚೀಟಿ ಎತ್ತುವುದು ಶುರುವಾಯಿತು. ಏಳು ಜನ ಭಿಕ್ಷುಗಳು ಪಾತ್ರೆಗೆ ಕೈ ಹಾಕಿ ಒಂದೊಂದು ಚೀಟಿ ತೆಗೆಯುವುದು, ನಿವೃತ್ತರಾದ ಮೇಲೆ ವಿಹಾರದ ಮೈಕು ಹಿಡಿದಿರುವ ಸೀಸುಕ್ ಮೇಷ್ಟ್ರು ಅದನ್ನು ಹಾಜರಿ ಕರೆಯುವ ದನಿಯಲ್ಲಿ ಓದುವುದು, ಹೆಸರಿನವರು ಬುಟ್ಟಿ ಎತ್ತಿ ಮೊಣಕಾಲಲ್ಲಿ ತೆವಳಿ ಹೋಗಿ ಕೊಡುವುದು. ಮೂಲೆಯ ಕಿರಿಯ ಭಿಕ್ಷುವಿಗೆ ಹೋಗಲಿ ಎಂದು ಇನ್‌ಪೆಂಗ್ ಹರಸಿಕೊಂಡ. ಆತನಿಗೆ ಡಬ್ಬಿಯ ಮೀನು ಸೇರುವುದಿಲ್ಲ, ತಿನ್ನದೆ ಕಪಾಟಿನಲ್ಲಿಡುತ್ತಾನೆ. ಸಂಜೆ ಹೋಗಿ ಏನೋ ನೆಪ ಹೇಳಿ ಬದಲಾಯಿಸಿಕೊಂಡು ಬಂದರಾಯಿತು.

"ಇನ್‌ಪೆಂಗ್! ತಾಯಿ ಬುವಾಖಾಮ್ ಹೆಸರಲ್ಲಿ. ದೊಡ್ಡ ಗುರುಗಳಿಗೆ!"

ದೊಡ್ಡ ಗುರುಗಳಿಗೆ ಎಂಬತ್ತಮೂರು ವರ್ಷ. ಹಲ್ಲಿಲ್ಲ, ಆದ್ದರಿಂದ ಡಬ್ಬಿಯ ಮೀನೆಂದರೆ ಪ್ರಾಣ. ಇನ್‌ಪೆಂಗ್ ಬುಟ್ಟಿ ಎತ್ತಿಕೊಂಡು ತೆವಳಿದ. ಹತ್ತು ಮಾರು ಚಾಪೆ ಅಂದು ಸೇತುವೆಯಷ್ಟು ಉದ್ದವಾಯಿತು. ನಲವತ್ತಮೂರು ದಿನ ಯಾಕೆ ನಿಲ್ಲಿಸಿದೆಯೋ ತಂದೆ, ನಿಲ್ಲಿಸಿದ್ದೇ ಆದರೆ ವರ್ಷಗಟ್ಟಲೆ ನಿಲ್ಲಿಸಬಾರದಿತ್ತೇ, ಎಂದು ಮನಸ್ಸಿನಲ್ಲೇ ಆ ಅಧಿಕಾರಿಗೆ ಹೇಳಿಕೊಂಡ. ಎರಡೂ ಕೈಯಲ್ಲಿ ಬುಟ್ಟಿ ಒಪ್ಪಿಸಿದಾಗ ಗುರುಗಳು ಕಾಗದದ ಸಂದಿಯಿಂದ ಬೆರಳು ತೂರಿಸಿ ಒಂದು ಡಬ್ಬಿಯನ್ನು ಈಚೆಗೆ ಎಳೆದರು.

"ಬುವಾಖಾಮ್ ಮಗನ ಡಬ್ಬಿ! ಇದನ್ನ ಕಣ್ಮುಚ್ಕೊಂಡು ತಿನ್ನಬಹುದು. ಇವತ್ತಿನ ಊಟಕ್ಕೆ ಇದೇ ಇರಲಿ, ಮೇಷ್ಟ್ರೇ," ಎಂದು ಮುಚ್ಚಳದ ಉಂಗುರಕ್ಕೆ ತಾವೇ ಬೆರಳು ಸಿಕ್ಕಿಸಿದರು.

ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಅನುಭವಸ್ಥ ಅವನು. ಹನ್ನೊಂದು ದಿನಕ್ಕೆ ಡಬ್ಬಿಯೊಳಗಿನ ಮೀನಿಗೆ ಏನೂ ಆಗುವುದಿಲ್ಲ, ತಾರೀಖು ಎನ್ನುವುದು ಕಂಪನಿಯವರು ತಮ್ಮ ತಲೆ ಕಾಯ್ದುಕೊಳ್ಳಲು ಬರೆಯುವುದು, ಗುರುಗಳು ಉಂಡು ತೇಗಿ ಹರಸುತ್ತಾರೆ, ಊರು ಮನೆಗೆ ಹೋಗುತ್ತದೆ. ಇದೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಹಾದುಹೋಯಿತು. ಆದರೆ ಬೆನ್ನ ಹಿಂದಿನಿಂದ ಆ ವಾಸನೆ ಒಮ್ಮೆಲೇ ದಟ್ಟವಾಗಿ ಬಂತು, ಯಾರೋ ಬೆರಳಿನಲ್ಲಿ ತೆಗೆದು ಅವನ ಮೂಗಿಗೇ ಹಿಡಿದಷ್ಟು.

"ತಿನ್ನಬೇಡಿ ಗುರುಗಳೇ! ಸತ್ತಿದೆ ಅದು!"

ಗುರುಗಳ ಮಂಡಿಯ ಪಕ್ಕದಲ್ಲಿದ್ದ ಮೈಕನ್ನು ಮೇಷ್ಟ್ರು ಆರಿಸಿರಲಿಲ್ಲ. ಸತ್ತಿದೆ ಅದು ಎಂಬುದು ಚಾವಡಿಯಲ್ಲೂ, ಮರದ ಮೇಲೆ ಕಟ್ಟಿದ್ದ ಎರಡು ಧ್ವನಿವರ್ಧಕಗಳಲ್ಲೂ, ಹೊಳೆಯ ದಂಡೆಯವರೆಗೂ ಕೇಳಿಸಿತು. ಆಮೇಲೆ ಪರಪರ ಎಂದು ಕಾಗದ ಹರಿಯುವ ಸದ್ದು. ಊರಿನ ಹೆಂಗಸರೆಲ್ಲ ತಾವು ಕೊಂಡ ಬುಟ್ಟಿ ಬಿಚ್ಚಿ, ಕೊಟ್ಟಾಗಿದ್ದವರು ಭಿಕ್ಷುಗಳ ಮುಂದಿನಿಂದಲೇ ವಾಪಸು ಎಳೆದುಕೊಂಡು, ಡಬ್ಬಿ ತಿರುವತೊಡಗಿದರು. ಕಣ್ಣು ಮಂಜಾದವರು ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಕನ್ನಡಕ ಏರಿಸಿ, ಅಭ್ಯಾಸಬಲದಿಂದ, ಮೈಕಿನಲ್ಲೇ ಓದಿದರು: "ಮುಂದಿನ ವರ್ಷ, ಐದನೇ ತಿಂಗಳು. ಪಾಸ್. ಮುಂದಿನ ವರ್ಷ, ಐದು. ಪಾಸ್. ಇದು ಎಂಟು. ಪಾಸ್."

ಪ್ರತಿ ಪಾಸಿಗೂ ಇನ್‌ಪೆಂಗನ ಎದೆ ಒಂದೊಂದಂಗುಲ ಮೇಲೆದ್ದಿತು. ನೋಡಿ, ನೋಡಿ, ಇಪ್ಪತ್ತಾರು ವರ್ಷ! ಒಂದಾದರೂ ಸತ್ತದ್ದು ತೋರಿಸಿ! ಅಂಗಡಿ ಉಳಿಯಿತು ಎಂದು ಅವನಿಗೆ ನಿಜವಾಗಿಯೂ ಸಂತೋಷವಾಯಿತು, ನಾಚಿಕೆಗೆಟ್ಟ ಸಂತೋಷ. ನಲವತ್ತೊಂದು ಬುಟ್ಟಿ ಮುಗಿಯಿತು. ಮೇಷ್ಟ್ರು ಗುರುಗಳ ಕೈಯಿಂದ ನಲವತ್ತೆರಡನೆಯದರ ಡಬ್ಬಿ ತೆಗೆದುಕೊಂಡು ತಿರುವಿದರು. ಮೈಕನ್ನು ಬಾಯಿಂದ ದೂರ ಹಿಡಿದು, "ಮುಗಿದು ಹನ್ನೊಂದು ದಿನ," ಎಂದರು.

ಫೊನ್ಸೀ ಮೊದಲು ಬಾಯಿ ಬಿಟ್ಟಳು. "ಅಂದ್ರೆ ನಮಗೆಲ್ಲ ಒಳ್ಳೇದೇ ಕೊಟ್ಟಿದೀರ. ನನ್ನ ಗಂಡ, ಕುಡುಕ, ಅವರಿಗೇ ಮುಂದಿನ ವರ್ಷದ್ದು. ಹೆತ್ತ ಅಮ್ಮನಿಗೆ ಮಾತ್ರ... ಅಯ್ಯೋ ಇನ್‌ಪೆಂಗಣ್ಣಾ!"

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಕನಿಕರವಿತ್ತು. ವ್ಯಾಪಾರಿಯಾಗಿ ಅವನ ಮೇಲೆ ಒಂದು ಮಾತು ಹೊರಿಸುವಂತಿರಲಿಲ್ಲ, ನಲವತ್ತೊಂದು ಬುಟ್ಟಿಗಳೂ ಸಾಕ್ಷಿ ಹೇಳಿದ್ದವು. ಅವೇ ಸಾಕ್ಷಿಗಳು ಮಗನಾಗಿ ಅವನನ್ನು ಮುಗಿಸಿಬಿಟ್ಟಿದ್ದವು. ಒಂದೆರಡಾದರೂ ಬೇರೆ ಬುಟ್ಟಿಗೂ ಹಾಕಿದ್ದರೆ ಮೋಸಗಾರ ಎಂದು ಅನ್ನಿಸಿಕೊಂಡು ಗೌರವವಾಗಿ ಮನೆಗೆ ಹೋಗಬಹುದಿತ್ತು ಎಂದು ಅವನಿಗೆ ಅನ್ನಿಸಿತು.

ದೊಡ್ಡ ಗುರುಗಳು ಬೊಚ್ಚುಬಾಯಿ ತೆರೆದು ನಕ್ಕರು. "ಹನ್ನೊಂದು ದಿನ ತಾನೇ? ನನ್ನ ತಾರೀಖು ಯಾವಾಗ್ಲೋ ಮುಗಿದಿದೆ. ಕೊಡಿ ಇಲ್ಲಿ, ನಾನು ತಿಂತೀನಿ."

"ನಿಮಗೇನೂ ಆಗಲ್ಲ ಗುರುಗಳೇ," ಎಂದು ಹಿಂದಿನಿಂದ ಒಂದು ಮುದಿ ದನಿ ಬಂತು. ಓನ್ ಚಿಕ್ಕಮ್ಮ, ಸಂತೆಯಲ್ಲಿ ಅಮ್ಮನ ಪಕ್ಕದಲ್ಲೇ ನಲವತ್ತು ವರ್ಷ ಪಾದೇಕ್ ಮಾರಿದವಳು. "ತಿನ್ನೋಳು ನೀವಲ್ಲವಲ್ಲ, ನಮ್ಮಕ್ಕ. ಅವಳು ಇವನ ಕನಸಿಗೆ ಹೋಗಲ್ಲ, ಮಗ ಅಂತ ಕನಿಕರ. ನನ್ನ ಕನಸಿಗೆ ಬಂದು ಬೈತಾಳೆ. ನನ್ನ ನಿದ್ದೆ ಹಾಳು."

ಅವಳು ತೆವಳುತ್ತಾ ಬಂದು ಅವನ ಪಕ್ಕ ಕೂತಳು. ಅವಳ ಮಡಿಲಲ್ಲಿ ಬಾಳೆಲೆಯ ಪೊಟ್ಟಣವೊಂದಿತ್ತು, ವಾಸನೆ ಅಲ್ಲಿಂದಲೇ ಬರುತ್ತಿತ್ತು. ಬೆಳಿಗ್ಗೆ ವಿಹಾರಕ್ಕೆ ಬರುವ ಮೊದಲು ಅವನ ಅಂಗಡಿಯ ಜಗಲಿಯ ಮೇಲೆ ಸ್ವಲ್ಪ ಹೊತ್ತು ಸುಧಾರಿಸಿಕೊಂಡಿದ್ದಳಂತೆ. ಪ್ರತಿ ವರ್ಷ ಅಕ್ಕನಿಗೆಂದು ಅವಳು ತರುವುದು, ಮೇಷ್ಟ್ರು ಅದನ್ನು ವಾಸನೆಗೆ ಹೆದರಿ ಹಿಂದುಗಡೆ ಅಡುಗೆಮನೆಗೆ ದಾಟಿಸುವುದು, ಒಂಬತ್ತು ವರ್ಷದಿಂದ ನಡೆದು ಬಂದಿತ್ತು. ಇನ್‌ಪೆಂಗನಿಗೆ ಗೊತ್ತೇ ಇರಲಿಲ್ಲ. ಅವಳು ಪೊಟ್ಟಣವನ್ನು ಬಿಚ್ಚಿ, ಅರ್ಧವನ್ನು ಬುಟ್ಟಿಯಲ್ಲಿಟ್ಟು, ಉಳಿದರ್ಧವನ್ನು ಎಲೆ ಸಮೇತ ಅವನ ಕೈಗೆ ಹಾಕಿದಳು. ಆಮೇಲೆ ಫೊನ್ಸೀ ತನ್ನ ಗಂಡನ ಬುಟ್ಟಿಯಿಂದ ಒಂದು ಡಬ್ಬಿ ತೆಗೆದು, "ಅವರಿಗೆ ಐದು ಸಾಕು," ಎಂದು ಬುವಾಖಾಮಳ ಬುಟ್ಟಿಗೆ ಹಾಕಿದಳು. ದರ್ಜಿಯ ಹೆಂಡತಿ ಒಂದು ಹಾಕಿದಳು. ಮೇಷ್ಟ್ರು ತಮ್ಮ ಹೆಂಡತಿಯ ಬುಟ್ಟಿಯ ಕಡೆ ಅಳುಕಿನಿಂದ ನೋಡಿ, ಅದರಿಂದಲೂ ಒಂದು ತೆಗೆದರು. ಇನ್ನು ಮೂವರು ಒಂದೊಂದು ಹಾಕಿದರು, ಆರು ತುಂಬಿದವು. ತಾನೇ ಮಾರಿದ ಡಬ್ಬಿಗಳು ಭಿಕ್ಷೆಯಾಗಿ ವಾಪಸು ಬರುವುದನ್ನು ಇನ್‌ಪೆಂಗ್ ತಲೆ ತಗ್ಗಿಸಿಕೊಂಡೇ ನೋಡಿದ. ದಾಲೂನಿ ಸತ್ತ ಆರನ್ನು ಹೆಗಲ ಬಟ್ಟೆಯಲ್ಲಿ ಕಟ್ಟಿಕೊಂಡಳು.

ಕೊಟ್ಟದ್ದರ ಪುಣ್ಯ ಸತ್ತವರಿಗೆ ಮುಟ್ಟಲೆಂದು ನೀರು ಬಿಡುವ ಹೊತ್ತಿಗೆ ಅವನು ಹೂಜಿ ಎತ್ತಿಕೊಂಡ. ಅಮ್ಮನ ಹೆಸರು ಹೇಳಬೇಕು, ಹೇಳಿ ನೀರು ಬಿಡಬೇಕು. ಬುವಾಖಾಮ್ ಎಂದ. ದನಿ ಒಡೆಯಿತು. ಅಳು ಬಂತು, ಎಲ್ಲರೆದುರು, ಐವತ್ತೆರಡು ವರ್ಷದ ಗಂಡಸಿಗೆ. ಮೂಗು ಸೇದಿದರೆ ಪಾದೇಕ್ ವಾಸನೆ ಎದೆಯವರೆಗೂ ಇಳಿಯಿತು, ಅದಕ್ಕೆ ಇನ್ನಷ್ಟು ಅಳು ಬಂತು.

ಮನೆಗೆ ಬಂದು ಅಂಗಡಿಯ ಬಾಗಿಲು ಅರ್ಧ ಎಳೆದು, ಆರು ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತ. ಉಂಗುರ ಎಳೆದು ಒಂದನ್ನು ತೆರೆದ. ಚಮಚದಲ್ಲಿ ಪೂರ್ತಿ ತಿಂದ, ರಸವನ್ನೂ ಕುಡಿದ. ಇಷ್ಟು ವರ್ಷ ಮಾರಿದರೂ ತಾನು ಇದನ್ನು ತಿಂದದ್ದು ಯಾವಾಗ ಎಂದು ನೆನಪಾಗಲಿಲ್ಲ. ಯಾವ ರುಚಿಯೂ ಇರಲಿಲ್ಲ, ಕೆಟ್ಟ ರುಚಿಯೂ ಇರಲಿಲ್ಲ.

"ಏನು ಮಾಡ್ತಿದೀರಿ?" ಎಂದು ದಾಲೂನಿ ಬಾಗಿಲಿಗೆ ಬಂದಳು.

"ಕಾಯ್ತಿದೀನಿ."

"ಯಾರಿಗೆ?"

"ಹೊಟ್ಟೆ ನೋವಿಗೆ."

ಅವಳು ನಗಲಿಲ್ಲ. ಒಂದು ಚೊಂಬು ನೀರು ತಂದಿಟ್ಟು ಹೋದಳು. ಅವನು ಕಾದ. ಒಂದು ಗಂಟೆಯಾಯಿತು, ಎರಡಾಯಿತು. ಹೊಟ್ಟೆ ನೀರಿನ ಕೊಡದ ಹಾಗೆ ತಣ್ಣಗಿತ್ತು. ಎರಡನೆಯ ಡಬ್ಬಿ ತೆರೆಯೋಣವೆಂದುಕೊಂಡ, ಸೇರಲಿಲ್ಲ. ಅಮ್ಮನ ಕೈಯ ಏಟು ಹೇಗಿರುತ್ತಿತ್ತು ಎಂದು ನೆನೆದುಕೊಂಡ. ಮೊದಲು ಬೈಗುಳ, ಆಮೇಲೆ ಬೆನ್ನಿಗೊಂದು, ಆಮೇಲೆ ಊಟ. ಬೈಗುಳವೂ ಇಲ್ಲ ಏಟೂ ಇಲ್ಲ ಅಂದರೆ ಅವಳು ಮಾತು ಬಿಟ್ಟಿದ್ದಾಳೆ ಎಂದೇ ಅರ್ಥ. ಹೊತ್ತು ಇಳಿಯುವಾಗ ಒಳಗೆ ಎಲ್ಲೋ ಆಳದಲ್ಲಿ ಗುರ್ರ್ ಎಂದಿತು. ಇನ್‌ಪೆಂಗ್ ನೆಟ್ಟಗಾದ. ಮತ್ತೊಮ್ಮೆ, ಇನ್ನೂ ಜೋರಾಗಿ, ಗುರ್ರ್.

"ಬಂತು ಕಣೇ, ಬಂತು!" ಎಂದು ಕೂಗಿ, ಲುಂಗಿ ಎತ್ತಿಕೊಂಡು, ಮುಖ ಅರಳಿಸಿಕೊಂಡು ಹಿತ್ತಿಲ ಕಕ್ಕಸಿಗೆ ಓಡಿದ. ಕಾಲು ಗಂಟೆ ಕೂತ. ಭಕ್ತಿಯಿಂದಲೇ ಕೂತ. ಏನೂ ಆಗಲಿಲ್ಲ. ಹೊಟ್ಟೆ ಮೂರನೆಯ ಸಲ ಗುರುಗುಟ್ಟಿದಾಗ ಕಿವಿಗೊಟ್ಟು ಕೇಳಿದ. ಅದು ಹಸಿವು. ಈಚೆಗೆ ಬಂದರೆ ದಾಲೂನಿ, ಪಾದೇಕನ್ನು ಮನೆಯೊಳಗೆ ಬಿಡದ ದಾಲೂನಿ, ಜಗಲಿಯ ಮೇಲೆ ಅಂಟನ್ನದ ಬುಟ್ಟಿಯ ಪಕ್ಕ ಓನ್ ಚಿಕ್ಕಮ್ಮನ ಬಾಳೆಲೆ ಪೊಟ್ಟಣ ಬಿಚ್ಚಿಟ್ಟು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಕೂತಿದ್ದಳು.

"ಬಂದು ಉಣ್ಣಿ," ಎಂದಳು.